ಬೆಂಕಿಗೆ ಬೆಲೆ ಕಟ್ಟುವವಳಿಗೆ

ಮೂರನೇ ಮಹಡಿಯ ಮನೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ, ಮಾನ್ಯ ಬೆಲೆಮಂತ್ರಿಗಳೇ,

ಹೇಗಿದ್ದೀಯ? ನೆಗಡಿ ನಿನ್ನನ್ನು ಬಿಟ್ಟಿತೋ, ನೀನೇ ಅದನ್ನು ಬಿಡುತ್ತಿಲ್ಲವೋ? ಹೊಸ ಶಾಲೆಯಲ್ಲಿ ಪಕ್ಕ ಕೂರುವವಳು ಇನ್ನೂ ನಿನ್ನ ರಬ್ಬರ್ ಕಚ್ಚುತ್ತಾಳೆಯೇ? ನಿಮ್ಮಮ್ಮನ ಬೆನ್ನುನೋವು ವಿಚಾರಿಸಿದೆನೆಂದು ಹೇಳು. ಬೇರೆ ಬೇರೆ ಮನೆಯಲ್ಲಿರುವವರು ಬೆನ್ನುನೋವು ಕೇಳಬಾರದೆಂದು ಯಾವ ವಕೀಲರೂ ಬರೆಸಿಲ್ಲ. ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಹೊಟ್ಟೆ ನೋಡಿದರೆ ಗುಂಡು, ಕೂತರೆ ಕಲ್ಲು. ರಜೆಗೆ ಇಲ್ಲಿಗೆ ಬರುವುದೋ, ಗೆಳತಿಯರ ಜೊತೆ ಈಜು ಶಿಬಿರಕ್ಕೆ ಹೋಗುವುದೋ ಎಂದು ಕೇಳಿದ್ದೆಯಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ರಾಜ್ಯದ ಕೆಲಸ.

ನಮ್ಮ ಮಾಯಾಲೋಕದ ಕಥೆಯನ್ನು ಪ್ರಕಾಶನದ ಸಂಪಾದಕಿ ಓದಿದರು. ಅವರ ಕೋಣೆ ಸೈಕಲ್ ಅಂಗಡಿಯ ಮೇಲಿದೆ. ಕೂರಬೇಕಾದರೆ ಕುರ್ಚಿಯ ಮೇಲಿನ ಪುಸ್ತಕಗಳನ್ನು ಎತ್ತಬೇಕು, ಇಡಲು ಜಾಗವಿಲ್ಲದೆ ಮಾತು ಮುಗಿಯುವ ತನಕ ಮಡಿಲಲ್ಲಿ ಕೂಸಿನ ಹಾಗೆ ಹಿಡಿದುಕೊಂಡಿರಬೇಕು. ಬೆಂಕಿ, ನೀರು, ಗಾಳಿ, ಮಣ್ಣು, ನಾಲ್ಕೂ ಶಕ್ತಿಗಳು ಅವರಿಗೆ ಹಿಡಿಸಿದವು. ಅದಕ್ಕಿಂತ ಹೆಚ್ಚು ಹಿಡಿಸಿದ್ದು ನಿನ್ನ ಬೆಲೆಗಳು. ಬೆಂಕಿಯನ್ನು ಆಳುವವನು ಜನ್ಮದಲ್ಲಿ ಐಸ್‌ಕ್ರೀಮ್ ತಿನ್ನುವಂತಿಲ್ಲ, ಮುಟ್ಟಿದ ತಕ್ಷಣ ಅದು ಬಿಸಿ ಹಾಲಾಗುತ್ತದೆ ಎಂದೆಯಲ್ಲ, ಅಲ್ಲಿ ನಕ್ಕರು. ನೀರನ್ನು ಆಳುವವನ ಕಾಲುಚೀಲ ಯಾವತ್ತೂ ಒಣಗುವುದಿಲ್ಲ ಎಂಬಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗಾಳಿಯವಳು ಗುಟ್ಟು ಹೇಳಿದರೆ ಅದು ಊರಿನ ಎಲ್ಲ ಕಿಟಕಿಗಳಿಗೂ ಹೋಗುತ್ತದೆ, ಮಣ್ಣಿನವನು ಕೂತಲ್ಲೇ ಬೇರು ಬಿಡುತ್ತಾನೆ. ಈ ಕೊನೆಯದನ್ನು ನೀನು ನನ್ನನ್ನು ನೋಡಿಯೇ ಬರೆದೆ ಎಂಬ ಅನುಮಾನ ಇನ್ನೂ ಹೋಗಿಲ್ಲ.

ಇದೆಲ್ಲ ನೀನು ಇಲ್ಲಿದ್ದಾಗ ದಿನಾ ಬೆಳಿಗ್ಗೆ ನಿನ್ನ ಜಡೆ ಹೆಣೆಯುವಾಗ ಹುಟ್ಟಿದ್ದು. ಹಿಂದೆ ನಿಂತ ನಾನು ಒಂದು ಶಕ್ತಿ ಕೊಡಬೇಕು, ನೀನು ಕನ್ನಡಿಯಲ್ಲಿ ನನ್ನನ್ನೇ ದುರುಗುಟ್ಟಿ ನೋಡುತ್ತ ಅದಕ್ಕೆ ಬೆಲೆ ಕಟ್ಟಬೇಕು. ಶಕ್ತಿ ಕೊಟ್ಟವರು ಬೆಲೆ ಕಟ್ಟುವಂತಿಲ್ಲ. ಆ ಕಾನೂನು ನಿನ್ನದೇ. "ಅಪ್ಪಾ, ನಿಂಗೆ ಬಿಟ್ರೆ ಎಲ್ಲಾರ್ಗೂ ಎಲ್ಲಾನೂ ಪುಕ್ಕಟೆ ಕೊಟ್ಬಿಡ್ತೀಯ, ಆಮೇಲೆ ಕಥೇಲಿ ಏನು ಆಗತ್ತೆ, ಮಣ್ಣು!" ಎಂದಿದ್ದೆ. ಹಗಲೆಲ್ಲ ಮಿಕ್ಸಿಯ ಕೈಪಿಡಿಗಳಲ್ಲಿ 'ಒಳಗೆ ಬೆರಳು ಹಾಕಬೇಡಿ' ಎಂದು ಬರೆದು ಹೊಟ್ಟೆ ಹೊರೆಯುವ ನನಗೂ ಹೊಳೆಯದ ಮಾತು ಅದು. ನಾನು ಹೆಣೆದ ಜಡೆ ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಬಿಚ್ಚಿಹೋಗುತ್ತಿತ್ತು, ನೀನು ಹೆಣೆದದ್ದು ಮಾತ್ರ ನಿಂತಿದೆ. ಬಾಚಣಿಗೆ ಈಗಲೂ ಕನ್ನಡಿಯ ಕೆಳಗೇ ಇದೆ. ನನ್ನ ತಲೆಯಲ್ಲಿ ಅದಕ್ಕೆ ಕೆಲಸ ಕೊಡುವಷ್ಟು ಹುದ್ದೆಗಳು ಖಾಲಿ ಇಲ್ಲ, ತಲೆಯೇ ಖಾಲಿ.

ಈಗ ಬಂದಿರುವ ಕಷ್ಟ ಕೇಳು. ಕಥೆ ಬೆಳೆಯಬೇಕಾದರೆ ಮಂತ್ರವಾದಿಗಳೂ ಬೆಳೆಯಬೇಕು, ಪ್ರತಿಯೊಬ್ಬರಿಗೂ ಇನ್ನೊಂದು ದೊಡ್ಡ ಶಕ್ತಿ ಬೇಕು ಎಂದರು ಸಂಪಾದಕಿ. ಕೊಟ್ಟೆ. ಬೆಲೆ ಕಟ್ಟಲು ನೀನಿರಲಿಲ್ಲ. ಕಂಪನಿಯಿಂದ ಪರೀಕ್ಷೆಗೆಂದು ತಂದಿದ್ದ ಹೊಸ ಮಿಕ್ಸಿಯನ್ನು ಎದುರಿಗಿಟ್ಟುಕೊಂಡು ಕೇಳಿ ನೋಡಿದೆ. ಅದು ಗುರ್ ಎಂದಿತೇ ಹೊರತು ಸಲಹೆ ಕೊಡಲಿಲ್ಲ. ಕೊನೆಗೆ ಕಾನೂನನ್ನು ಗಾಳಿಗೆ ತೂರಿ ನಾನೇ ಕಟ್ಟಿದೆ. ಬೆಟ್ಟ ಸುಡಬಲ್ಲವನಿಗೆ ತಾನು ಹಚ್ಚಿದ ಬೆಂಕಿಯಿಂದ ಚಳಿ ಹೋಗುವುದಿಲ್ಲ. ಹೊಳೆ ತಿರುಗಿಸಬಲ್ಲವನ ಮುಖ ಯಾವ ನೀರಿನಲ್ಲೂ ಮೂಡುವುದಿಲ್ಲ. ಬಿರುಗಾಳಿ ಎಬ್ಬಿಸಬಲ್ಲವಳು ಕರೆದರೆ ಯಾರಿಗೂ ಕೇಳಿಸುವುದಿಲ್ಲ. ನೆಲ ನಡುಗಿಸಬಲ್ಲವನ ಪಕ್ಕ ನಡೆಯಲು ಯಾರಿಗೂ ಆಗುವುದಿಲ್ಲ. ಬಹಳ ಗಂಭೀರವಾಗಿ ಬಂದಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಂಪಾದಕಿ ಕೊನೆಯ ಹಾಳೆ ಓದಿ ಮತ್ತೆ ಮೊದಲ ಹಾಳೆಗೆ ಹೋದರು. ಕೆಳಗೆ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. "ಸಾರ್, ನಾಲ್ಕು ಜನಾನೂ ಕೊನೆಗೆ ಒಂಟಿಯಾಗೇ ಉಳೀತಾರಲ್ಲ, ಬೇರೆ ಬೆಲೆ ಯಾವ್ದೂ ಹೊಳೀಲಿಲ್ವಾ?" ಎಂದರು. ನಾಲ್ಕೂ ಒಂದೇ ಎಂದು ನನಗೆ ಗೊತ್ತಾದದ್ದೇ ಆಗ. ಮಡಿಲಿನ ಪುಸ್ತಕಗಳನ್ನು ಸರಿಮಾಡಿಕೊಂಡೆ. "ಆ ಕಾಲುಚೀಲದ್ದು ಬರೆದವ್ರು ಯಾರು? ಇವನ್ನೂ ಅವ್ರ ಕೈಲೇ ಬರೆಸಿ, ಇಲ್ದಿದ್ರೆ ಪುಸ್ತಕ ನಿಲ್ಲಲ್ಲ" ಎಂದರು. ಅವರು ಸದ್ಯಕ್ಕೆ ವರ್ಗವಾಗಿ ಹೋಗಿದ್ದಾರೆ ಎಂದೆ. ಸಂಪಾದಕಿ ನಗಲಿಲ್ಲ. ಒಳ್ಳೆಯ ಹೆಂಗಸು.

ಆದ್ದರಿಂದ ಮಂತ್ರಿಗಳು ದಯಮಾಡಿ ಆ ನಾಲ್ಕೂ ಶಕ್ತಿಗಳಿಗೆ ಹೊಸ ಬೆಲೆ ಕಟ್ಟಿ ಕಳಿಸಬೇಕು. ಎಷ್ಟು ಪೆದ್ದುಪೆದ್ದಾಗಿದ್ದರೆ ಅಷ್ಟು ಒಳ್ಳೆಯದು. ಫೋನಿನಲ್ಲಿ ಬೇಡ, ಫೋನಿನಲ್ಲಿ ನೀನು ಬರೀ 'ಹ್ಞೂಂ' ಅನ್ನುತ್ತೀಯ, 'ಹ್ಞೂಂ' ಎಂಬ ಬೆಲೆಯನ್ನು ಯಾವ ಮಂತ್ರವಾದಿಯೂ ತೆರಲಾರ.

ಒಳ್ಳೆಯ ಹಸಿವು, ಗಾಢ ನಿದ್ದೆ, ಜಗಳಕ್ಕೂ ರಾಜಿಗೂ ಒದಗುವ ಗೆಳತಿಯರು, ಎಲ್ಲವೂ ನಿನಗೆ ತುಂಬಿ ಬರಲಿ. ನಿಮ್ಮಮ್ಮನಿಗೆ ನನ್ನ ನಮಸ್ಕಾರ.

ನಿನ್ನ
ಅಪ್ಪ

ತಾ.ಕ.: ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ನಾಳೆಯೇ ಶಿಬಿರಕ್ಕೆ ಹೆಸರು ಕೊಡು. ಅಪ್ಪ ಬೇಜಾರು ಮಾಡಿಕೊಳ್ಳುತ್ತಾನೆಂದು ನೀನಿನ್ನೂ ಕೊಟ್ಟಿಲ್ಲವಂತೆ, ನಿಮ್ಮಮ್ಮ ಹೇಳಿದಳು. ಬೇಜಾರು ಆಗುತ್ತೆ ಪುಟ್ಟೀ, ಸುಳ್ಳು ಯಾಕೆ ಹೇಳಲಿ. ಆದರೆ ಅದು ನನ್ನ ಪಾಲಿನದು, ನೀನು ಈಜಿದ್ದಕ್ಕೆ ತೆರುವ ಬೆಲೆಯಲ್ಲ. ಶಿಬಿರದ ನಡುವೆ ಅಪ್ಪ ಅಮ್ಮಂದಿರು ಬಂದು ನೋಡುವ ದಿನ ಅಂತ ಒಂದಿದ್ದರೆ ತಿಳಿಸು. ಬಂದು ದಡದಲ್ಲಿ ಟವೆಲ್ ಹಿಡಿದು ನಿಲ್ಲುತ್ತೇನೆ. ನಾಚಿಕೆಯಾದರೆ ಗೆಳತಿಯರಿಗೆ 'ಯಾರೋ ಟವೆಲ್ ಅಂಕಲ್' ಅನ್ನು, ನಾನೂ ಹೌದು ಅನ್ನುತ್ತೇನೆ.