ಅಮ್ಮನ ಫೋಟೋಕ್ಕೆ ಒಂದು ವಾಕ್ಯ

ಫೆಬ್ರವರಿ ೧೬, ಭಾನುವಾರ

ಪ್ರೀತಿಯ ಅಣ್ಣನಿಗೆ, ಮತ್ತು ಇದನ್ನು ಅವನಿಗೆ ಓದಿ ಹೇಳುತ್ತಿರುವ ಅತ್ತಿಗೆಗೆ,

ನಿನ್ನ ತಂಗಿ ಬದುಕಿದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಕಾಗದ ಬರೆಯದೆ ಎರಡು ತಿಂಗಳು ಕಳೆಯಿತು, ತಪ್ಪು ನನ್ನದೇ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಅತ್ತಿಗೆ ಅಷ್ಟು ಹೊತ್ತು ಕಾಯುತ್ತಾರೆ. ಫೋನ್ ಮಾಡೋಣವೆಂದರೆ ನೀನು ಬರುವುದಿಲ್ಲ. ಬಂದರೂ "ಹೂಂ" ಅನ್ನುತ್ತೀಯ, "ಸರಿ" ಅನ್ನುತ್ತೀಯ, ಫೋನನ್ನು ಅತ್ತಿಗೆಯ ಕೈಗೆ ತುರುಕುತ್ತೀಯ. ಕಾಗದವಾದರೆ ಕೊನೆಯವರೆಗೂ ಕೇಳಲೇಬೇಕು. ಅತ್ತಿಗೆ, ನಡುವೆ ಎದ್ದರೆ ಕೈ ಹಿಡಿದು ಕೂರಿಸಿ.

ನನ್ನ ಟೈಲರಿಂಗ್ ಅಂಗಡಿ ಮುಚ್ಚಿದ ಮೇಲೆ ನಾನು ವಿಶ್ವವಿದ್ಯಾಲಯಕ್ಕೆ ಸೇರಿ ವೆಬ್ ಪುಟ ಮಾಡುವುದನ್ನು ಕಲಿಯುತ್ತಿರುವುದು ನಿನಗೆ ಗೊತ್ತು. "ಅರವತ್ತು ಆಗೋಕೆ ಮುಂಚೆನೇ ಅರಳು ಮರಳು ಇವಳಿಗೆ" ಎಂದು ನೀನು ಅಂದದ್ದು ನನಗೆ ಗೊತ್ತು. ಅತ್ತಿಗೆಯೇ ಹೇಳಿದ್ದು. (ಕ್ಷಮಿಸಿ ಅತ್ತಿಗೆ, ಬಾಯಿ ಜಾರಿತು. ಈ ಸಾಲು ಬಿಟ್ಟು ಓದಿ.) ಇರಲಿ ಬಿಡು, ಮೊದಲ ತಿಂಗಳು ನನಗೂ ಹಾಗೆಯೇ ಅನ್ನಿಸಿತ್ತು. ಎಲ್ಲ ಕಬ್ಬಿಣದ ಕಡಲೆ.

ಕ್ಲಾಸಿನಲ್ಲಿ ನಲವತ್ತು ಮಕ್ಕಳು, ನಡುವೆ ನಾನೊಬ್ಬಳು ಕನ್ನಡಕದವಳು. ಲ್ಯಾಬಿನಲ್ಲಿ ಏಸಿ ಎಷ್ಟು ಜೋರೆಂದರೆ ಸ್ವೆಟರ್ ಹಾಕಿಕೊಂಡೇ ಕೂರಬೇಕು. ಮಕ್ಕಳು ನನಗಿಟ್ಟ ಹೆಸರು ಸೆಮಿಕೋಲನ್ ಆಂಟಿ. ಪುಟಕ್ಕೆ ಬಣ್ಣ ಇಂಥದು, ಅಂಚು ಇಷ್ಟು, ಅಕ್ಷರ ಇಷ್ಟು ದಪ್ಪ ಎಂದು ಒಂದೊಂದು ಸಾಲು ಹೇಳಿದಾಗಲೂ ಕೊನೆಗೊಂದು ಸೆಮಿಕೋಲನ್ ಹಾಕಬೇಕು ಕಣೋ. ಮರೆತೆಯೋ, ಆ ಸಾಲೂ ಹೋಯಿತು, ಮುಂದಿನ ಸಾಲೂ ಹೋಯಿತು. ನಾನು ನೀಲಿ ಎಂದು ಬರೆದದ್ದೆಲ್ಲ ಬಿಳಿಯಾಗಿ ಬರುತ್ತಿತ್ತು. ಪಕ್ಕದಲ್ಲಿ ಕೂರುವ, ಕೂದಲಿಗೆ ಹಸಿರು ಬಣ್ಣ ಬಳಿದುಕೊಂಡ ಹುಡುಗಿ ಬಗ್ಗಿ ನೋಡಿ, "ಆಂಟಿ, ಮತ್ತೆ ನುಂಗಿಬಿಟ್ರಾ ಸೆಮಿಕೋಲನ್ನು?" ಎಂದು ಕೇಳುತ್ತಾಳೆ. "ಬೆಳಗ್ಗೆ ತಿಂಡಿ ತಿಂದಿರ್ಲಿಲ್ಲ ಕಣೆ" ಅನ್ನುತ್ತೇನೆ. ನಮ್ಮ ಅಪ್ಪ ಆ ಹಸಿರು ತಲೆ ನೋಡಿದ್ದರೆ ಸಲೂನಿನ ಕತ್ತರಿ ಕೆಳಗಿಟ್ಟು ಸನ್ಯಾಸಿಯಾಗುತ್ತಿದ್ದರು.

ಮೇಷ್ಟ್ರು ನನ್ನ ಮಗನಿಗಿಂತ ಚಿಕ್ಕವರು. ವರ್ಷದ ಕೊನೆಗೆ ಎಲ್ಲರೂ ತಮಗೆ ಬೇಕಾದ ವಿಷಯದ ಮೇಲೆ ಒಂದು ಪುಟ ಮಾಡಿ ಒಪ್ಪಿಸಬೇಕು ಅಂದರು. ಮಕ್ಕಳು ಬೂಟು, ಬೈಕು, ಬೆಕ್ಕು ಆರಿಸಿಕೊಂಡರು. ನಾನು ಅಪ್ಪನ ಸಲೂನು ಆರಿಸಿಕೊಂಡೆ. ಹಳೆಯ ಫೋಟೋಗಳನ್ನೆಲ್ಲ ಹುಡುಕಿ ತೆಗೆದು, ಒಂದೊಂದನ್ನೂ ಒರೆಸಿ, ಕಂಪ್ಯೂಟರಿಗೆ ಏರಿಸಿ, ಸಾಲಾಗಿ ಕೂರಿಸಿದೆ. ನೋಡಿದವರೆಲ್ಲ ಚೆನ್ನಾಗಿದೆ ಎಂದರು. ನನಗೂ ಸ್ವಲ್ಪ ಕೊಂಬು ಬಂದಿತ್ತು.

ಒಂದು ದಿನ ಮೇಷ್ಟ್ರು ಬಂದವರೇ ದೊಡ್ಡ ಪರದೆಯನ್ನು ಆರಿಸಿಬಿಟ್ಟರು. "ಇವತ್ತು ಯಾರ ಪುಟಾನೂ ನೋಡೋದಿಲ್ಲ, ಕೇಳೋಣ. ಕಣ್ಣು ಕಾಣದೋರಿಗೆ ನಿಮ್ಮ ಪುಟ ಹೇಗಿರುತ್ತೆ ಗೊತ್ತಾಗ್ಲಿ" ಎಂದರು. ಪುಟದಲ್ಲಿ ಇರುವುದನ್ನು ಗಟ್ಟಿಯಾಗಿ ಓದುವ ಯಂತ್ರವನ್ನು ಹಚ್ಚಿದರು. ಮೊದಲು ನನ್ನದೇ ಸರದಿ. ಅದು ಓದಿತು: "ನಮ್ಮ ಅಪ್ಪನ ಸಲೂನು. ಚಿತ್ರ. ಐಎಂಜಿ ಸೊನ್ನೆ ನಾಲ್ಕು ಎರಡು ಒಂದು ಡಾಟ್ ಜೆಪಿಜಿ. ಚಿತ್ರ. ಐಎಂಜಿ ಸೊನ್ನೆ ನಾಲ್ಕು ಎರಡು ಎರಡು ಡಾಟ್ ಜೆಪಿಜಿ." ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ ಅಣ್ಣ. ಅಪ್ಪ ಒಂದು ನಂಬರು, ಅಮ್ಮ ಇನ್ನೊಂದು ನಂಬರು. ಜೈಲಿನಲ್ಲಿ ಹಾಜರಿ ಕರೆದ ಹಾಗಿತ್ತು.

ನಿನ್ನ ಕಣ್ಣು ಪೂರ್ತಿ ಹೋದ ಮೇಲೆ ನಿನ್ನ ಮಗಳು ಓದಿ ಹೇಳುವ ಫೋನು ತಂದುಕೊಟ್ಟಿದ್ದಳಲ್ಲ. ನೀನು ಒಂದು ವಾರ ಅದರ ಜೊತೆ ಗುದ್ದಾಡಿ, "ಬರೀ ನಂಬರು ಒದರುತ್ತೆ ಇದು, ನಂಗೇನೂ ತೋರಿಸಲ್ಲ" ಎಂದು ಬೀರುವಿನಲ್ಲಿ ಹಾಕಿ ಬೀಗ ಜಡಿದೆ. ಅವತ್ತಿನಿಂದ ಫೋನೂ ಒಳಗೆ, ನೀನೂ ಒಳಗೆ. ನಾವೆಲ್ಲ ಸೇರಿ ನಿನ್ನನ್ನು ಹಠಮಾರಿ ಎಂದೆವು. ನೀನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ಲ್ಯಾಬಿನಲ್ಲಿ ಕೂತು ನನ್ನ ಕಿವಿಯಾರೆ ಕೇಳಿದೆ. ಕಣ್ಣಲ್ಲಿ ನೀರು ಬಂತು, ಏಸಿಗೆ ಶೀತವಾಗಿದೆ ಎಂದು ಹೇಳಿ ಮೂಗು ಒರೆಸಿಕೊಂಡೆ.

ಆಮೇಲೆ ಮೇಷ್ಟ್ರು ಹೇಳಿಕೊಟ್ಟರು. ಪ್ರತಿ ಚಿತ್ರದ ಹಿಂದೆ ಒಂದು ವಾಕ್ಯ ಬರೆದಿಡಬಹುದು. ನೋಡುವವರಿಗೆ ಅದು ಕಾಣುವುದಿಲ್ಲ, ಯಂತ್ರ ಮಾತ್ರ ಅದನ್ನು ಓದುತ್ತದೆ. ಸುಮ್ಮನೆ ಅಲಂಕಾರಕ್ಕೆ ಹಾಕಿದ ಚಿತ್ರವಾದರೆ ಆ ಜಾಗವನ್ನು ಖಾಲಿ ಬಿಡಬೇಕು, ಯಂತ್ರ ತುಟಿ ಪಿಟಕ್ಕೆನ್ನದೆ ಅದನ್ನು ದಾಟಿ ಹೋಗುತ್ತದೆ. ವಾಕ್ಯ ಚಿಕ್ಕದಾಗಿರಬೇಕಂತೆ. ನನಗೂ ಚಿಕ್ಕದಕ್ಕೂ ಎಲ್ಲಿಯ ಸಂಬಂಧ!

ಮೊದಲ ಫೋಟೋಕ್ಕೆ ಹೀಗೆ ಬರೆದೆ: "ಸಲೂನಿನ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಕೂರಿಸಿದ ಆರು ವರ್ಷದ ಅಣ್ಣ, ಅರ್ಧ ತಲೆ ಕ್ಷೌರವಾಗಿ, ಬಿಸ್ಕತ್ತು ಕೊಡಿಸುತ್ತೇನೆಂದು ಹೇಳಿ ಕರೆತಂದು ಮೋಸ ಮಾಡಿದರೆಂದು ಅಳುತ್ತಿದ್ದಾನೆ, ಹಿಂದೆ ಅಪ್ಪ ನಗು ತಡೆದುಕೊಂಡು ನಿಂತಿದ್ದಾರೆ." ಮೇಷ್ಟ್ರು ಕೇಳಿ, "ಬಿಸ್ಕತ್ತು ಫೋಟೋದಲ್ಲಿ ಕಾಣ್ತಾನೇ ಇಲ್ವಲ್ಲ ಆಂಟಿ?" ಎಂದರು. "ಕಾಣೋ ಹಾಗಿದ್ರೆ ನಾನ್ಯಾಕೆ ಬರೀಲಿ ಸಾರ್?" ಎಂದೆ. ಅವರು ತಲೆ ಕೆರೆದುಕೊಂಡು ಮುಂದಿನ ಬೆಂಚಿಗೆ ಹೋದರು.

ಎರಡನೆಯದು ನೀನು ಭುಜದವರೆಗೆ ಕೂದಲು ಬಿಟ್ಟು ಸಲೂನಿನ ಬೋರ್ಡಿನ ಕೆಳಗೆ ಹೀರೋ ಹಾಗೆ ನಿಂತದ್ದು. "ಊರಿಗೆಲ್ಲ ಕತ್ತರಿ ಹಾಕ್ತೀನಿ, ಮನೇಲಿರೋ ಪೊದೆಗೆ ಹಾಕೋಕಾಗ್ಲಿಲ್ಲ. ನನ್ನ ಅಂಗಡಿಗೆ ನನ್ನ ಮಗನೇ ಕೆಟ್ಟ ಬೋರ್ಡು" ಎಂದು ಅಪ್ಪ ಗಿರಾಕಿಗಳ ಮುಂದೆ ಗೋಳಾಡುತ್ತಿದ್ದರು, ನೆನಪಿದೆಯಾ? ನಿನ್ನ ಜೊತೆ ಮಾತು ಬಿಟ್ಟಿದ್ದರು. ಆದರೂ ಭಾನುವಾರ ಅಂಗಡಿಯ ಬಾಚಣಿಗೆಗಳನ್ನು ಸೋಪುನೀರಿನಲ್ಲಿ ನೆನೆಹಾಕುವಾಗ ನಿನ್ನ ಬಾಚಣಿಗೆಯನ್ನೂ ಹಾಕಿ, ತಿಕ್ಕಿ, ನಿನ್ನ ದಿಂಬಿನ ಹತ್ತಿರ ಇಟ್ಟು ಬರುತ್ತಿದ್ದರು. ಅದನ್ನೂ ಬರೆದೆ. ಬರೆಯುತ್ತ ಬರೆಯುತ್ತ ಆ ಅಂಗಡಿಯ ವಾಸನೆಯೇ ಮೂಗಿಗೆ ಬಂತು: ಶೇವಿಂಗ್ ಸೋಪು, ಪೌಡರು, ಒದ್ದೆ ಟವೆಲು, ಬಿಸಿಲಿಗೆ ಕಾದ ಕುರ್ಚಿಯ ರೆಕ್ಸಿನ್. ಎಂಥಾ ದಿನಗಳು ಅಣ್ಣ ಅವು! ಅಪ್ಪ ಇದ್ದರು, ಅಮ್ಮ ಇದ್ದಳು, ನಾವಿಬ್ಬರೂ ಕನ್ನಡಿಯೊಳಗಿನ ಕನ್ನಡಿಯಲ್ಲಿ ನಮ್ಮ ತಲೆ ಎಣಿಸುತ್ತ ಕೂರುತ್ತಿದ್ದೆವು.

ಈಗ ವಿಷಯಕ್ಕೆ ಬರುತ್ತೇನೆ. ಅಮ್ಮನ ಫೋಟೋ ನಮ್ಮ ಹತ್ತಿರ ಇರುವುದು ಒಂದೇ. ಪಕ್ಕದ ಮನೆಯವರ ಕ್ಯಾಮೆರಾ ಬೇಡಿ ತಂದು ನೀನೇ ತೆಗೆದದ್ದು. ಹಿತ್ತಲಲ್ಲಿ ಅಮ್ಮ ಅಂಗಡಿಯ ಟವೆಲುಗಳನ್ನು ಹಗ್ಗಕ್ಕೆ ಹರವುತ್ತಿದ್ದಾಳೆ. ನೀನು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಗಾಳಿ ಬೀಸಿ ಒಂದು ಟವೆಲು ಹಾರಿ ಅವಳ ಮುಖ ಮುಚ್ಚಿದೆ. ಕೈ ಕಾಣುತ್ತದೆ, ಬಳೆ ಕಾಣುತ್ತದೆ, ಒದ್ದೆಯಾದ ಸೆರಗು ಕಾಣುತ್ತದೆ. ಮುಖವೊಂದು ಬಿಟ್ಟು. ನಾನು ಆಗ ಸ್ಕೂಲಿನಲ್ಲಿದ್ದೆ.

ಅದಕ್ಕೆ ನಾನು ಏನು ಬರೆಯಲಿ? ಆ ಟವೆಲಿನ ಹಿಂದೆ ಅಮ್ಮ ಬೈಯುತ್ತಿದ್ದಳೋ, ನಗುತ್ತಿದ್ದಳೋ? ಅದಕ್ಕೆ ಮುಂಚೆ ಏನಂದಳು? ಎರಡು ಕಣ್ಣಿರುವ ನಲವತ್ತು ಜನ ಆ ಫೋಟೋ ನೋಡಿದರು, ಯಾರಿಗೂ ಅದು ಕಾಣಲಿಲ್ಲ. ಕಂಡವನು ನೀನೊಬ್ಬನೇ. ಖಾಲಿ ಬಿಟ್ಟರೆ ಯಂತ್ರ ಅಮ್ಮನನ್ನು ದಾಟಿ ಸುಮ್ಮನೆ ಹೋಗಿಬಿಡುತ್ತದೆ. ಜೀವಮಾನವೆಲ್ಲ ಎಲ್ಲರೂ ಅವಳನ್ನು ಹಾಗೆಯೇ ದಾಟಿ ಹೋದರು, ನನ್ನ ಪುಟದಲ್ಲೂ ಹಾಗಾಗುವುದು ಬೇಡ.

ಅದಕ್ಕೆ ಕೈ ಮುಗಿದು ಕೇಳುತ್ತೇನೆ. ಬೀರುವಿನಿಂದ ಆ ಫೋನು ತೆಗೆಸು. ಪುಟದ ವಿಳಾಸವನ್ನು ನಿನ್ನ ಮಗಳಿಗೆ ಕಳಿಸಿದ್ದೇನೆ, ಹಾಕಿಕೊಡುತ್ತಾಳೆ. ನಂಬರು ಒಂದೂ ಇಲ್ಲ, ಆಣೆ ಮಾಡಿ ಹೇಳುತ್ತೇನೆ; ಅಮ್ಮನ ಜಾಗ ಮಾತ್ರ ಸದ್ಯಕ್ಕೆ ನಿನಗಾಗಿ ಖಾಲಿ ಇಟ್ಟಿದ್ದೇನೆ. ಪೂರ್ತಿ ಕೇಳಿ, ಅಮ್ಮನ ಫೋಟೋಕ್ಕೆ ಒಂದು ವಾಕ್ಯ ಅತ್ತಿಗೆಯ ಕೈಲಿ ಬರೆಸಿ ಕಳಿಸು. ತಿಂಗಳ ಕೊನೆಗೆ ನಾನು ಪುಟ ಒಪ್ಪಿಸಬೇಕು. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಬಾಯಿತುಂಬ ಬೈಯಿ. ನಿನ್ನ ಬೈಗುಳ ಕೇಳಿ ಬಹಳ ದಿನವಾಯಿತು, ಕಿವಿ ತುಕ್ಕು ಹಿಡಿದಿದೆ.

ನಿನ್ನ ಮೊಮ್ಮಗುವಿಗೆ ನನ್ನ ಆಶೀರ್ವಾದ, ಚೆನ್ನಾಗಿ ಬೆಳೆಯಲಿ, ನಿನ್ನ ಹಾಗೆ ಮೂತಿ ಉಬ್ಬಿಸುವುದನ್ನು ಮಾತ್ರ ಕಲಿಯದಿರಲಿ. ನಿಮ್ಮಿಬ್ಬರ ಆಶೀರ್ವಾದ ನನ್ನ ಮೇಲಿರಲಿ. ಪರೀಕ್ಷೆ ಹತ್ತಿರ ಬಂತು, ಸ್ವಲ್ಪ ಹೆಚ್ಚೇ ಇರಲಿ.

ಇಂತಿ ನಿನ್ನ ತಂಗಿ,
ಸೆಮಿಕೋಲನ್ ಆಂಟಿ

ಮರೆತ ಮಾತು, ಬೇರೆ ಹಾಳೆಯಲ್ಲಿ: ಅತ್ತಿಗೆ, ಇದು ನಿಮಗೊಬ್ಬರಿಗೆ. ಕಾಗದ ಮುಗಿಯಿತೆಂದು ಅಣ್ಣನಿಗೆ ಹೇಳಿ, ಒಳಗೆ ಹೋಗಿ ಮನಸ್ಸಿನಲ್ಲೇ ಓದಿಕೊಳ್ಳಿ. ಕೆಲವು ದಿನಗಳಿಂದ ಮೌಸಿನ ಬಾಣ ಪರದೆಯ ಅಂಚಿಗೆ ಹೋದರೆ ನನಗೆ ಸಿಗುತ್ತಿಲ್ಲ. ಸಂಜೆಯಾದರೆ ಮೆಟ್ಟಿಲು ಎಡವುತ್ತೇನೆ. ಅವನಿಗೂ ಹೀಗೆಯೇ ಅಲ್ಲವೇ ಶುರುವಾದದ್ದು? ಅವನನ್ನು ನೋಡುತ್ತಿದ್ದ ಡಾಕ್ಟರ ಹತ್ತಿರವೇ ಹೋಗಿದ್ದೆ. "ನೀವು ಅವರ ತಂಗಿನಾ?" ಎಂದು ಕೇಳಿದರು, ಆಮೇಲೆ ಅವರ ದನಿ ಬದಲಾಯಿತು. ರಕ್ತದಲ್ಲೇ ಬಂದದ್ದಂತೆ. ಕಣ್ಣು ನಿಧಾನವಾಗಿ ಹೋಗುತ್ತದೆ, ಇನ್ನೂ ಕೆಲವು ವರ್ಷ ಸಿಗುತ್ತದೆ ಎಂದರು. ಅಣ್ಣನಿಗೆ ಈಗಲೇ ಹೇಳಬೇಡಿ, ತಾನೇ ಅಂಟಿಸಿದ ಹಾಗೆ ಕೊರಗುತ್ತಾನೆ. ನನಗೆ ಕತ್ತಲೆಯ ಭಯವಿಲ್ಲ ಅತ್ತಿಗೆ, ಅವನ ಹಾಗೆ ನಾನೂ ಮಾತು ನಿಲ್ಲಿಸಿಬಿಡುತ್ತೇನೇನೋ ಎಂಬ ಭಯ. ಅವನು ಆ ಪುಟ ಕೇಳಿ ಒಂದೇ ಒಂದು ಸಲ ಜೋರಾಗಿ ನಕ್ಕರೆ ತಕ್ಷಣ ನನಗೆ ಬರೆಯಿರಿ. ಫೋನಿನಲ್ಲಿ ಹೇಳಬೇಡಿ, ಕಾಗದವನ್ನೇ ಬರೆಯಿರಿ. ಅದನ್ನು ನಾನೇ ಓದಿಕೊಳ್ಳಬೇಕು.