ಇಪ್ಪತ್ತೆರಡನೇ ಫ್ರೇಮು

ರಾಜಾಜಿನಗರ, ಬೆಂಗಳೂರು
೧೮ ಆಗಸ್ಟ್ ೧೯೮೬, ಸೋಮವಾರ

ಪ್ರೀತಿಯ ಗೋಪಿ ಅಣ್ಣನಿಗೆ ಕೋಕಿಲಾಳ ನಮಸ್ಕಾರ.

ಮುಂಬಯಿಯ ಮಳೆಗೆ ನಿನ್ನ ಕೆಮ್ಮು ಹೆಚ್ಚಾಯಿತೋ ಕಡಿಮೆಯಾಯಿತೋ, ನೀನು ಬರೆದಿಲ್ಲ. ಎರಡು ಪುಟದ ಕಾಗದದಲ್ಲಿ ನೆಗೆಟಿವ್ ಅನ್ನುವ ಮಾತು ಏಳು ಸಲ ಬಂದಿದೆ, ಅಮ್ಮ ಅನ್ನುವುದು ಒಂದೇ ಸಲ. ಅಮ್ಮನಿಗೆ ಓದಿ ಹೇಳುವಾಗ ನಾನೇ ಇನ್ನೆರಡು ಸಲ ಸೇರಿಸಿದೆ. ಮೆಣಸಿನ ಕಷಾಯ ಕುಡಿಯಬೇಕಂತೆ, ಹೋಟೆಲಿನ ಪೂರಿ ಮುಟ್ಟಬಾರದಂತೆ; ಅವಳು ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ಅವಳ ಮಂಡಿನೋವು ಹೋದ ಸಲದಷ್ಟೇ ಇದೆ. ಅಪ್ಪ ದಿನಾ ಬೆಳಿಗ್ಗೆ ನವರಂಗ್ ಟಾಕೀಸಿನ ತನಕ ನಡೆದು ಬರುತ್ತಾರೆ. ಪತ್ರಿಕೆಯಲ್ಲಿ ಬಂದ ನಿನ್ನ ಕೊಕ್ಕರೆಯ ಚಿತ್ರವನ್ನು ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತಾರೆ. ಮಡಿಕೆಯಲ್ಲಿ ಹರಿದಿತ್ತು. ಹಿಂದಿನಿಂದ ಕಾಗದ ಅಂಟಿಸಿಕೊಟ್ಟವಳು ನಾನೇ.

ನಮ್ಮ ಬಚ್ಚಲಮನೆಯ ಕಿಟಕಿಗೆ ನಾವಿಬ್ಬರೂ ಸೇರಿ ಹೊಡೆದ ಕಪ್ಪು ಕಂಬಳಿ ಇನ್ನೂ ಇದೆ, ಕೆಂಪು ಬಲ್ಬೂ ಇದೆ. ಚಿತ್ರ ದೊಡ್ಡದು ಮಾಡುವ ಎನ್‌ಲಾರ್ಜರನ್ನು ಮಾತ್ರ ಅಪ್ಪ ಮೊನ್ನೆ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಟ್ಟರು. "ಅವನೇ ಇಲ್ಲ ಅಂದ್ಮೇಲೆ ಅದ್ಯಾರಿಗೆ ಬೇಕು" ಅಂದರು. ಐದು ವರ್ಷ ಆ ಬಲ್ಬಿನ ಕೆಳಗೆ ನಿಂತು, ದಿನ ಬಿಟ್ಟು ದಿನ ಬರುವ ನೀರನ್ನು ಹಿಡಿದಿಟ್ಟು, ನಿನ್ನ ಒಂದೊಂದು ಫಿಲ್ಮ್ ರೋಲನ್ನೂ ತೊಳೆದು ಒಣಗಿಸಿದವಳು ಅವರ ಪಕ್ಕದಲ್ಲೇ ನಿಂತಿದ್ದೆ. ಅಮ್ಮನಿಗೂ ಸಮಾಧಾನವಾಯಿತು. "ಆ ಫಿಲ್ಮ್ ತೊಳ್ಯೋ ಹೈಪೋ ವಾಸನೆ ಕೈಗೆ ಹತ್ಕೊಂಡ್ರೆ ನೋಡೋಕ್ ಬಂದೋರು ಏನಂತಾರೆ ಕಣೇ" ಅನ್ನುತ್ತಿದ್ದಳಲ್ಲ. ಬರುವ ತಿಂಗಳು ಬಸವೇಶ್ವರನಗರದಿಂದ ಒಬ್ಬರು ನನ್ನನ್ನು ನೋಡಲು ಬರುತ್ತಾರೆ. ಈಗ ನನ್ನ ಕೈಗೆ ಬರೀ ಸೋಪಿನ ವಾಸನೆ.

ನೀನು ಪತ್ರಿಕೆಗೆ ಬರೆದ ಲೇಖನವನ್ನೂ ಓದಿದೆ. ಓಡುವ ಪ್ರಾಣಿಗೆ ಅಡ್ಡ ಚೌಕಟ್ಟು, ಎತ್ತರದ ಹಕ್ಕಿಗೆ ನಿಂತ ಚೌಕಟ್ಟು, ಕೊಕ್ಕರೆಯ ಗಾಂಭೀರ್ಯವನ್ನು ತೋರಿಸಲೆಂದೇ ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದೆ ಎಂದೆಲ್ಲ ಬರೆದಿದ್ದೀಯ. ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ನಾನು ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದಾಗಲೆಲ್ಲ ಕೈಮೇಲೆ ಬಡಿಯುತ್ತಿದ್ದವನು ನೀನು. "ಅಡ್ಡ ಹಿಡಿಯೇ, ಅದೇನ್ ಪಾಸ್‌ಪೋರ್ಟ್ ಫೋಟೋನಾ" ಅನ್ನುತ್ತಿದ್ದೆ. ನಿನಗೆ ಆನೆಯೂ ಅಡ್ಡ, ಅಳಿಲೂ ಅಡ್ಡ, ಕತ್ತೆತ್ತಿ ನಿಂತ ನವಿಲೂ ಅಡ್ಡ. ಬಿಸ್ಕತ್ತಿನ ಡಬ್ಬಿಯಲ್ಲಿರುವ ನಲವತ್ತು ರೋಲುಗಳಲ್ಲಿ ನೀನು ತೆಗೆದ ಒಂದೇ ಒಂದು ನಿಂತ ಫ್ರೇಮು ಇದ್ದರೆ ಹೇಳು. ಇಲ್ಲ, ನಾನು ಹುಡುಕಿ ನೋಡಿದ್ದೇನೆ.

ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋದ ದಿನ ನಿನಗೆ ಮರೆತಿರಲಾರದು. ಬಿಸಿಲು ನೆತ್ತಿಗೇರಿತ್ತು. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಮುಗಿಸಿದ ನೀನು "ಈ ಬೆಳಕಲ್ಲಿ ಏನೂ ಬರಲ್ಲ ಬಿಡು" ಎಂದು ಹೊಂಗೆ ಮರದ ಕೆಳಗೆ ಕಾಲು ಚಾಚಿದೆ. ಕ್ಯಾಮೆರಾ ನನ್ನ ಮಡಿಲಲ್ಲಿತ್ತು. ಆಗಲೇ ಎದುರಿನ ಹುಣಸೆ ಮರದ ಗೂಡಿನಿಂದ ಒಂದು ಮರಿ ಬಿತ್ತು. ಬಿದ್ದಲ್ಲಿಂದಲೇ ಕತ್ತೆತ್ತಿ ಬಾಯಿ ತೆರೆಯಿತು. ತಾಯಿ ಗೂಡಿನ ಅಂಚಿಗೆ ಬಂದು ಬಗ್ಗಿ ನೋಡಿತು, ಇಳಿಯಲಿಲ್ಲ. ಬಿದ್ದ ಮರಿಗೆ ತಾಯಿ ಇಳಿದು ಬಂದು ಉಣಿಸುವುದಿಲ್ಲ ಎಂದು ಆಮೇಲೆ ಮರದ ಪಕ್ಕದ ಮನೆಯ ರಾಮಕ್ಕ ಹೇಳಿದಳು. ಅವಳೇ ಅದನ್ನು ಮಂಕರಿಯಲ್ಲಿಟ್ಟು ಒಳಗೆ ಒಯ್ದಳು. ಅಡ್ಡ ಹಿಡಿದರೆ ತಾಯಿ ಸಿಕ್ಕರೆ ಮರಿ ಇಲ್ಲ, ಮರಿ ಸಿಕ್ಕರೆ ತಾಯಿ ಇಲ್ಲ. ಹಿಂದೆ ಸರಿದರೆ ಎರಡೂ ಸಾಸಿವೆ ಕಾಳಿನಷ್ಟಾಗುತ್ತಿದ್ದವು. ಕ್ಯಾಮೆರಾವನ್ನು ತಿರುಗಿಸಿದೆ. ಮೇಲಿನ ಅಂಚಿನಲ್ಲಿ ತಾಯಿ, ಕೆಳಗಿನ ಅಂಚಿನಲ್ಲಿ ಮರಿ, ನಡುವೆ ಬರೀ ಮರದ ಕಾಂಡ. ಆ ನಡುವಿನ ದೂರಕ್ಕಾಗಿ ಅಣ್ಣ, ನಾನು ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದದ್ದು. ಗಾಂಭೀರ್ಯ ನನ್ನ ತಲೆಯಲ್ಲೇ ಇರಲಿಲ್ಲ.

ನೀನು ಸ್ಪರ್ಧೆಗೆ ಪ್ರಿಂಟು ಮಾಡುವಾಗ ಕೆಳಭಾಗವನ್ನೇ ತೆಗೆದುಹಾಕಿದೆ, ಎರಡು ಪಕ್ಕವನ್ನೂ ಒತ್ತರಿಸಿದೆ. ಸಾಯುವ ಮರಿ ಇದ್ದರೆ ಬಹುಮಾನ ಬರುವುದಿಲ್ಲ ಅಂದೆ. ಈಗ ಆ ತಾಯಿ ಏನನ್ನು ಬಗ್ಗಿ ನೋಡುತ್ತಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಜೊತೆಗೆ ನನ್ನ ಹೆಸರನ್ನೂ ತೆಗೆದೆ. "ಈ ಸಲ ನನ್ ಹೆಸ್ರಲ್ಲಿ ಹೋಗ್ಲಿ ಕಣೇ, ಕೆಲ್ಸ ಸಿಕ್ಮೇಲೆ ನಾನೇ ನಿಜ ಹೇಳ್ತೀನಿ" ಅಂದಿದ್ದೆ. ಆ ಬಹುಮಾನದಿಂದಲೇ ಕೆಲಸ ಸಿಕ್ಕಿತು. ಸಿಕ್ಕಿ ಹತ್ತು ತಿಂಗಳೂ ಆಯಿತು. ಕಾದು ಕಾದು ನಾನೇ ಅಪ್ಪನಿಗೆ ಹೇಳಿದೆ. "ಅಣ್ಣಂಗೆ ಹೆಸ್ರು ಬಂದ್ರೆ ಹೊಟ್ಟೆ ಉರ್ಕೋಬಾರ್ದು ಮಗಳೇ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ತಲೆ ಸವರಿ ಅಂದರು. ನನ್ನ ಹತ್ತಿರ ಸಾಕ್ಷಿ ಇತ್ತು, ಆದರೂ ತೋರಿಸಲಿಲ್ಲ. ನಿನ್ನ ಬಾಯಿಂದಲೇ ಬರಲಿ ಎಂದು ಸುಮ್ಮನಾದೆ.

ಈಗ ಕಲ್ಕತ್ತೆಯ ಪ್ರದರ್ಶನದವರು ಮೂಲ ನೆಗೆಟಿವ್ ನೋಡಬೇಕು ಅನ್ನುತ್ತಿದ್ದಾರೆ, ಈ ತಿಂಗಳ ಮೂವತ್ತರೊಳಗೆ ಸೇರದಿದ್ದರೆ ಚಿತ್ರವನ್ನು ಕೈಬಿಡುತ್ತಾರೆ ಎಂದು ಬರೆದಿದ್ದೀಯ. ನಾನು ಅವರ ವಿಳಾಸ ತಪ್ಪು ಬರೆಯಬಾರದೆಂದು ಕವರಿನ ಮೇಲೆ ನೀನೇ ಬರೆದು ಕಳಿಸಿದ್ದೀಯ. ಇಪ್ಪತ್ತೆರಡನೇ ಫ್ರೇಮನ್ನು ಮಾತ್ರ ಕತ್ತರಿಸಿ ಹಾಕು, ಉಳಿದದ್ದನ್ನು ಸುಟ್ಟುಬಿಡು ಎಂದು ಕೆಳಗೆ ಗೆರೆ ಎಳೆದಿದ್ದೀಯ. ಆರು ಫ್ರೇಮಿನ ನೆಗೆಟಿವ್ ಪಟ್ಟಿಗೆ ಯಾವತ್ತೂ ಕತ್ತರಿ ತಾಗಿಸಬಾರದು, ಒಂದನ್ನು ಕತ್ತರಿಸಿದರೆ ಅಕ್ಕಪಕ್ಕದ್ದೂ ಹಾಳು ಎಂದು ಆ ಕೆಂಪು ಬೆಳಕಿನಲ್ಲಿ ನನಗೆ ಕಲಿಸಿದವನು ಇದೇ ನನ್ನ ಅಣ್ಣ. ಆಗ ನೀನು ಎಷ್ಟು ಒಳ್ಳೆಯ ಮೇಷ್ಟ್ರಾಗಿದ್ದೆ ಎಂದು ನೆನೆದರೆ ಅಳು ಬರುತ್ತದೆ.

ಅಮ್ಮ ಎರಡು ಕೈಯೆತ್ತಿ ಹರಸಿದ್ದಾಳೆ. ಅಪ್ಪ ಹಬ್ಬಕ್ಕೆ ಬಾ ಅನ್ನುತ್ತಿದ್ದಾರೆ. ಕಷಾಯ ಮರೆಯಬೇಡ.

ಇನ್ನೂ ಸಿಟ್ಟು ಇಳಿಯದ ನಿನ್ನ ತಂಗಿ,
ಕೋಕಿಲಾ

ಮರೆತಿದ್ದೆ: ಟಪಾಲು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನ ಕವರನ್ನು ಬೆಳಿಗ್ಗೆಯೇ ಕಲ್ಕತ್ತೆಗೆ ರಿಜಿಸ್ಟರ್ ಮಾಡಿದೆ. ಕತ್ತರಿ ತಾಗಿಸಿಲ್ಲ, ಹತ್ತೊಂಬತ್ತರಿಂದ ಇಪ್ಪತ್ತನಾಲ್ಕರವರೆಗೆ ಪಟ್ಟಿ ಇಡಿಯಾಗಿ ಹೋಗಿದೆ, ಜೊತೆಗೆ ನನ್ನ ಹೆಸರು ಬರೆದ ಚೀಟಿಯೂ ಹೋಗಿದೆ. ಇಪ್ಪತ್ತೆರಡರಲ್ಲಿ ತಾಯಿ ಮತ್ತು ಮರಿ. ಇಪ್ಪತ್ತೊಂದರಲ್ಲಿ ಹೊಂಗೆ ಮರದ ಕೆಳಗೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುವ ನೀನು, ಅಮ್ಮನನ್ನು ನಗಿಸಲೆಂದು ತೆಗೆದದ್ದು. ಇಪ್ಪತ್ತಮೂರರಲ್ಲೂ ನೀನೇ, ಮರಿ ಅಷ್ಟು ಕೂಗಿದರೂ ಏಳಲಿಲ್ಲವೆಂದು ಸಿಟ್ಟಿನಲ್ಲಿ ತೆಗೆದದ್ದು. ನಿನ್ನ ಎರಡು ಚಿತ್ರಗಳನ್ನೂ ನೀನು ಹೇಳಿಕೊಟ್ಟ ಹಾಗೆ ಅಡ್ಡ ಹಿಡಿದೇ ತೆಗೆದಿದ್ದೇನೆ.