ಮಹಡಿ ಕೋಣೆಯ ಬಾಡಿಗೆ

ಮನೆ ಮಾಲೀಕರಾದ ಅಪ್ಪನಿಗೆ,

ಮಹಡಿ ಕೋಣೆಗೆ ಬಾಡಿಗೆ ಎಷ್ಟೆಂದು ಕೇಳಿದರೆ, "ಮಗಳ ಹತ್ರ ಬಾಡಿಗೆ ಇಸ್ಕೊಂಡ್ರೆ ಜನ ಆಡ್ಕೊಳ್ತಾರೆ. ಅಷ್ಟು ಹಟ ಇದ್ರೆ ನಿಂಗೆ ತೋಚಿದ್ದು ಕೊಡು" ಎಂದಿರಿ.

ಯೋಚಿಸಿದೆ. ಹಿಂದೆ ಇದ್ದ ಟೈಲರ್ ಕೊಡುತ್ತಿದ್ದಷ್ಟನ್ನೇ ಕೊಡುತ್ತೇನೆ. ಅರ್ಧ ಕೊಟ್ಟರೆ ಅರ್ಧ ಮಗಳಾಗಿಯೇ ಉಳಿಯುತ್ತೇನೆ. ಆಗ ಯಾರು ಬೇಕಾದರೂ ಬಾಗಿಲು ತಟ್ಟದೆ ಒಳಗೆ ಬರಬಹುದು.

ಚಪ್ಪಲಿ ಸದ್ದು ಮಾಡುವುದಿಲ್ಲ, ನೀರು ಪೋಲು ಮಾಡುವುದಿಲ್ಲ. ಟೈಲರ್ ಇಲ್ಲದಾಗ ಅಮ್ಮ ಅವನ ಕೋಣೆಗೆ ಕಾಲಿಡುತ್ತಿರಲಿಲ್ಲ. ನಾನು ಕನ್ನಡಕದಂಗಡಿಗೆ ಕೆಲಸಕ್ಕೆ ಹೋದಾಗಲೆಲ್ಲ ಬರುತ್ತಾಳೆ. ಪೆಟ್ಟಿಗೆಯಲ್ಲಿಟ್ಟ ನನ್ನ ಮದುವೆ ಫೋಟೊ ಸಂಜೆ ಹೊತ್ತಿಗೆ ಮತ್ತೆ ಗೋಡೆಯ ಮೇಲಿರುತ್ತದೆ. ಅವಳನ್ನು ಬೈಯಬೇಡಿ. ಅವಳ ಬಳಿಯಿರುವ ಬೀಗದಕೈ ಮಾತ್ರ ನನಗೆ ಕೊಡಿಸಿ.

ಪಕ್ಕದ ಮನೆಯವರಿಗೆ ನೀವು "ನಾಕು ದಿನ ಇದ್ದು ಹೋಗೋಕೆ ಬಂದಿದಾಳೆ" ಅನ್ನುವುದು ಮೇಲಕ್ಕೆ ಕೇಳಿಸುತ್ತದೆ. ಗಂಡನ ಮನೆಗೆ ನಾನು ಮರಳುವುದಿಲ್ಲವೆಂದು ನಿಮಗೂ ಗೊತ್ತು. ಇನ್ನು ಮೇಲೆ ಬಾಡಿಗೆಗಿದ್ದಾಳೆ ಅನ್ನಿ. ಸುಳ್ಳು ಹೇಳುವ ಕಷ್ಟ ತಪ್ಪುತ್ತದೆ.

ಆ ಫೋಟೊದ ಮೊಳೆ ಕೀಳಲು ಮಾಲೀಕರ ಒಪ್ಪಿಗೆ ಬೇಕು. ತೂತನ್ನು ನಾನೇ ಮುಚ್ಚಿಸುತ್ತೇನೆ.

ಇಂತಿ,
ಮಹಡಿಯ ಬಾಡಿಗೆದಾರಳು

ಭಾನುವಾರ ಮಧ್ಯಾಹ್ನ ಮಗಳು ಊಟಕ್ಕೆ ಕೆಳಗೆ ಬರುತ್ತಾಳೆಂದು ಅಮ್ಮನಿಗೆ ಹೇಳಿ.